ನರ್ಸಬಾಯಿಯ ಪಗಾರ, ಪದವಿ ಮತ್ತು ಮುಂದಿನ ಹಾದಿ

(ದಾದಿಯರ ದಿನದ ನಿಮಿತ್ತ ಗೋಕಾಕ ಫಾಲ್ಸ್‌ದಲ್ಲಿ ಕೂಡಿದ ಕಾಮಗಾರರ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಸಭೆಯಲ್ಲಿ ಬೋನಸ್ಸಿನ ಮಾತಿಲ್ಲ, ಚುನಾವಣೆಯ ಮಾತೂ ಇಲ್ಲ. ಮೇ 12 ದಾದಿಯರ ದಿನ. 1820ರಲ್ಲಿ ಆ ದಿನ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದಳು. ಇಂಥ ದಿನ ಅವಳ ದೀಪದ ಕಥೆ ಹೇಳಿ, ಹಾರ ಹಾಕಿ, ಸೇವೆಯೇ ದೇವರೆಂದು ಹೊಗಳಿ ಮನೆಗೆ ಹೋಗುವದು ವಾಡಿಕೆ. ಹೊಗಳಿಕೆ ಬೇಡವೆಂದು ನಾನು ಹೇಳುವದಿಲ್ಲ. ಆದರೆ ಹೊಗಳಿಕೆಯಿಂದ ಮನೆಗೆ ಜೋಳದ ಚೀಲ ಬರುವದಿಲ್ಲ. ಆದ್ದರಿಂದ ಇಂದು ನಾವು ನರ್ಸಬಾಯಿಯ ಪಗಾರದ ಮಾತು ಆಡೋಣ. ಅವಳ ಕಲಿಕೆಯ ಮಾತು, ಅವಳು ಯಾವ ನೋಕರಿ ಹಿಡಿಯಬೇಕು, ಯಾವದನ್ನು ಬಿಡಬೇಕು ಎಂಬ ಮಾತು ಆಡೋಣ.

ಶಾಲೆ ಬಿಟ್ಟು ಸಂಘಟನೆಯ ಕೆಲಸಕ್ಕೆ ಬಂದ ಮೇಲೂ ನೀವು ನನ್ನನ್ನು ಮಾಸ್ತರನೆಂದೇ ಕರೆಯುತ್ತೀರಿ. ಪಾಳಿ ಬಿಟ್ಟ ಮೇಲೆ ಕಾಗದಪತ್ರ ಹಿಡಿದು ಬರುತ್ತೀರಿ. ಇತ್ತೀಚೆಗೆ ಬರುವ ಕಾಗದಗಳಲ್ಲಿ ನರ್ಸಿಂಗ್ ಶಾಲೆಗಳ ಕಾಗದಗಳೇ ಹೆಚ್ಚು. “ಮಾಸ್ತರ, ಮಗಳು ಜಿ.ಎನ್.ಎಂ. ಮುಗಿಸಿದಳು, ಮುಂದ ಡಿಗ್ರಿ ಮಾಡಸಲೋ, ನೋಕರಿಗೆ ಹಚ್ಚಲೋ?” “ದುಬೈಗೆ ಕಳಸ್ತೀನಿ ಅಂತ ಒಬ್ಬಾವ ಬಂದಾನ, ಮೂರು ಲಕ್ಷ ಕೇಳ್ತಾನ, ಕೊಡಲೋ ಬ್ಯಾಡೋ?” ಈ ಪ್ರಶ್ನೆಗಳಿಗೆ ಒಬ್ಬೊಬ್ಬರಿಗೆ ಬಾಗಿಲಲ್ಲಿ ನಿಂತು ಉತ್ತರ ಹೇಳುವದಕ್ಕಿಂತ ಎಲ್ಲರೆದುರು ಒಮ್ಮೆ ಲೆಕ್ಕ ಬಿಡಿಸಿಡುವದು ಲೇಸು.

ನಾನು ಹೇಳಬೇಕಾದದ್ದು ಒಂದೇ ಮಾತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನರ್ಸಿನ ಪಗಾರವನ್ನು ನಿರ್ಧರಿಸುವದು ಅವಳ ಹೆಸರಿನ ಮುಂದಿನ ಪದವಿಯಲ್ಲ. ಅವಳು ನಿಂತ ಜಾಗ ಖಾಯಮ್ಮೋ ಬದಲಿಯೋ ಎಂಬುದು. ಆದ್ದರಿಂದ ಮೊದಲು ನೋಂದಣಿ, ಆಮೇಲೆ ಲೆಕ್ಕಕ್ಕೆ ಹಿಡಿಯುವಂಥ ಅನುಭವ, ಆಮೇಲೆ ಖಾಯಂ ನೋಕರಿಯ ಪ್ರಯತ್ನ, ಅದರ ಬೆನ್ನಿಗೆ ಮೇಲಿನ ಕಲಿಕೆ. ಈ ಸಾಲು ತಪ್ಪಿಸಿ ಸಾಲ ಮಾಡಿದರೆ ಮನೆ ಮುಳುಗುತ್ತದೆ.

ನರ್ಸಿಂಗ್ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಈ ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿ ಸುರುವಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಅದೇ ಕಾಲಕ್ಕೆ, 1894ರಲ್ಲಿ, ಮಿರಜದಲ್ಲಿ ಡಾಕ್ಟರ್ ವಾನ್ಲೆಸ್ ಮಿಶನ್ ದವಾಖಾನೆ ತೆರೆದರು. ಕೆಲವೇ ವರ್ಷಗಳಲ್ಲಿ ಅಲ್ಲಿ ದಾದಿಯರಿಗೆ ಶಿಕ್ಷಣ ಕೊಡುವ ಶಾಲೆಯೂ ಸುರುವಾಯಿತು. ಗೋಕಾಕ ರೋಡ್ ಸ್ಟೇಶನ್ನಿನಿಂದ ರೇಲ್ವೆ ಹತ್ತಿದರೆ ಅದೇ ಹಳಿಯ ಮೇಲೆ ಮಿರಜ. ಇತ್ತ ಘಟಪ್ರಭಾದಲ್ಲಿ ಸಹಕಾರ ತತ್ವದ ಮೇಲೆ ಕಟ್ಟಿದ ಜೆ.ಜಿ. ಸಹಕಾರಿ ದವಾಖಾನೆ ಇದೆ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ದವಾಖಾನೆ, ಸರಕಾರದ ಬಿಮ್ಸ್ ದವಾಖಾನೆ ಇವೆ. ಅಂದರೆ ದವಾಖಾನೆಗೂ ವಿದ್ಯೆಗೂ ನಮಗೆ ಬರಗಾಲವಿಲ್ಲ. ಬರಗಾಲ ಇರುವದು ತಿಳುವಳಿಕೆಗೆ. ಪೇಟೆಯಲ್ಲಿ ಒಂದು ಚೀಲ ಸಕ್ಕರೆ ಕೊಳ್ಳುವಾಗ ನಾಲ್ಕು ಅಂಗಡಿ ತಿರುಗುವ ನಾವು, ಮಗಳ ಮೂರು ವರ್ಷದ ವಿದ್ಯೆಯನ್ನು ಬಣ್ಣದ ಜಾಹೀರಾತು ನೋಡಿ ಕೊಳ್ಳುತ್ತೇವೆ.

ಹಾಗಾದರೆ ಮೊದಲು ಈ ವಿದ್ಯೆಯ ಮೆಟ್ಟಿಲುಗಳನ್ನು ಎಣಿಸೋಣ.

ಕೆಳಗಿನ ಮೆಟ್ಟಿಲು ಎ.ಎನ್.ಎಂ., ಎರಡು ವರ್ಷದ್ದು. ಹಳ್ಳಿಯ ಉಪಕೇಂದ್ರದಲ್ಲಿ ಬಾಣಂತಿ, ಕೂಸು, ಲಸಿಕೆ ನೋಡುವ ಬಾಯಿಯರು ಈ ವಿದ್ಯೆಯವರು. ಅದರ ಮೇಲಿನದು ಜಿ.ಎನ್.ಎಂ., ಮೂರು ವರ್ಷದ ಡಿಪ್ಲೊಮಾ. ಹನ್ನೆರಡನೆಯ ಇಯತ್ತೆಯಲ್ಲಿ ವಿಜ್ಞಾನ ಇಲ್ಲದವರೂ ಸೇರಬಹುದು. ಮೂರನೆಯದು ಬಿ.ಎಸ್ಸಿ. ನರ್ಸಿಂಗ್, ನಾಲ್ಕು ವರ್ಷದ ಪದವಿ. ಇದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು. ಜಿ.ಎನ್.ಎಂ. ಮಾಡಿದವರು ಎರಡು ವರ್ಷ ಹೆಚ್ಚಿಗೆ ಓದಿ ಪದವಿ ಪಡೆಯುವದಕ್ಕೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಎನ್ನುತ್ತಾರೆ. ಅದರ ಮೇಲೆ ಎರಡು ವರ್ಷದ ಎಂ.ಎಸ್ಸಿ. ಇದೆ, ಪದವಿಯಾಗಿ ಒಂದು ವರ್ಷವಾದರೂ ಕೆಲಸ ಮಾಡಿದವರಿಗೆ ಮಾತ್ರ ಅದರ ಬಾಗಿಲು ತೆರೆಯುತ್ತದೆ. ನಮ್ಮ ದೇಶದಲ್ಲಿ ನರ್ಸಿಂಗ್ ಪದವಿ ಸುರುವಾದದ್ದೇ 1946ರಲ್ಲಿ, ದಿಲ್ಲಿಯಲ್ಲಿ ಮತ್ತು ವೆಲ್ಲೂರಿನಲ್ಲಿ. ಮರುವರ್ಷ, 1947ರಲ್ಲಿ, ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯದೆ ಬಂತು. ಆ ಕಾಯದೆಯ ಬದಲಿಗೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯದೆಯನ್ನು ಮಾಡಿತು.

ಇಷ್ಟು ಮೆಟ್ಟಿಲುಗಳಲ್ಲಿ ಒಂದನ್ನು ಜನ ಮರೆಯುತ್ತಾರೆ. ಅದು ನೋಂದಣಿ. ಪರೀಕ್ಷೆ ಪಾಸಾದವಳು ನರ್ಸ್ ಅಲ್ಲ. ರಾಜ್ಯದ ನರ್ಸಿಂಗ್ ಪರಿಷತ್ತಿನ ಪಟ್ಟಿಯಲ್ಲಿ ಹೆಸರು ಬರೆಸಿ ನಂಬರು ಪಡೆದವಳು ನರ್ಸ್. ನಮ್ಮ ರಾಜ್ಯದಲ್ಲಿ ಇದಕ್ಕೆ 1961ರ ಕಾಯದೆಯಿದೆ. ಪಾವಗಡದ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಒಂದು ಪೈಸೆ ಮುಟ್ಟದೆ ಮಾಡಿಸಿದರು. 2018ರಲ್ಲಿ ದೇಶ ಅವರಿಗೆ ಪದ್ಮಶ್ರೀ ಕೊಟ್ಟಿತು. ಅವರ ಕೈಗುಣಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಇಂದು ದವಾಖಾನೆಯಲ್ಲಿ ಪಗಾರ ಕೇಳುವವಳಿಗೆ ಕೈಗುಣದ ಜೊತೆಗೆ ನಂಬರೂ ಬೇಕು. ಪೇಟೆಯ ಮಿತ್ರರಿಗೆ ಇದು ಬೇಗ ತಿಳಿಯುತ್ತದೆ: ಲೈಸೆನ್ಸ್ ಇಲ್ಲದ ಅಂಗಡಿಯಲ್ಲಿ ಮಾಲು ಎಷ್ಟು ಚಲೋ ಇದ್ದರೂ ಅಧಿಕಾರಿ ಬಂದಾಗ ಬಾಗಿಲು ಹಾಕಬೇಕಾಗುತ್ತದೆ.

ಗಡಿಯಲ್ಲಿರುವ ನಮಗೆ ಇಲ್ಲಿ ಇನ್ನೊಂದು ತೊಡಕಿದೆ. ಮಿರಜ, ಸಾಂಗಲಿ, ಕೊಲ್ಲಾಪುರಗಳಲ್ಲಿ ಕಲಿತವರ ಹೆಸರು ಮಹಾರಾಷ್ಟ್ರದ ಪರಿಷತ್ತಿನ ಪಟ್ಟಿಯಲ್ಲಿ ಸೇರುತ್ತದೆ. ಬೆಳಗಾವಿಯಲ್ಲೋ ಬೆಂಗಳೂರಿನಲ್ಲೋ ಕೆಲಸಕ್ಕೆ ಬರುವಾಗ ಆ ನೋಂದಣಿಯನ್ನು ಕರ್ನಾಟಕದ ಪರಿಷತ್ತಿಗೆ ತಂದುಕೊಳ್ಳಬೇಕು. ಇದಕ್ಕೆ ಅರ್ಜಿ, ಫೀ, ಓಡಾಟ ಎಲ್ಲವೂ ಬೇಕು. ನೇಮಕದ ಅರ್ಜಿಗೆ ಎಂಟು ದಿನ ಉಳಿದಾಗ ಇದನ್ನು ಸುರು ಮಾಡಿದರೆ ಆಗುವದಿಲ್ಲ. ನೋಂದಣಿಯನ್ನು ಕಾಲಕಾಲಕ್ಕೆ ನವೀಕರಿಸುವದನ್ನೂ ಮರೆಯಬಾರದು.

ಈಗ ಪಗಾರಕ್ಕೆ ಬರೋಣ. ಗಿರಣಿಯಲ್ಲಿ ದುಡಿದ ನಿಮಗೆ ಖಾಯಂ ಕಾಮಗಾರನೆಂದರೆ ಯಾರು, ಬದಲಿ ಕಾಮಗಾರನೆಂದರೆ ಯಾರು ಎಂದು ನಾನು ಹೇಳಿಕೊಡಬೇಕಿಲ್ಲ. ಇಬ್ಬರೂ ಅದೇ ಸಾಂಚೆಯ ಮುಂದೆ ನಿಲ್ಲುತ್ತಾರೆ, ಇಬ್ಬರ ಎದೆಗೂ ಅದೇ ಹತ್ತಿಯ ಧೂಳು ಹೋಗುತ್ತದೆ. ಆದರೆ ಒಬ್ಬನಿಗೆ ನಾಳೆ ಇದೆ, ಇನ್ನೊಬ್ಬ ಬೆಳಿಗ್ಗೆ ಗೇಟಿನಲ್ಲಿ ನಿಂತು ತನ್ನ ಹೆಸರು ಕೂಗುತ್ತಾರೋ ಇಲ್ಲವೋ ಎಂದು ಕಾಯುತ್ತಾನೆ. ದವಾಖಾನೆಯ ವಾರ್ಡಿನಲ್ಲಿಯೂ ಹೀಗೆಯೇ. ಅಲ್ಲಿ ಮೂರು ಬಗೆಯ ನರ್ಸಬಾಯಿಯರಿದ್ದಾರೆ.

ಮೊದಲನೆಯವಳು ಖಾಯಂ ಸರಕಾರಿ ನರ್ಸ್. ಕೇಂದ್ರ ಸರಕಾರದ ದವಾಖಾನೆಗಳಲ್ಲಿ, ಏಮ್ಸ್ ಸಂಸ್ಥೆಗಳಲ್ಲಿ, ರೇಲ್ವೆಯಲ್ಲಿ, ಇ.ಎಸ್.ಐ. ನಿಗಮದಲ್ಲಿ ಸೇರುವ ನರ್ಸಿಗೆ ಏಳನೆಯ ವೇತನ ಆಯೋಗದ ಪ್ರಕಾರ ಮೂಲ ಪಗಾರವೇ 44,900 ರೂಪಾಯಿಯಿಂದ ಸುರು. ಅದರ ಮೇಲೆ ತುಟ್ಟಿಭತ್ತೆ, ಮನೆಬಾಡಿಗೆ, ನರ್ಸಿಂಗ್ ಭತ್ತೆ ಕೂಡುತ್ತವೆ. ರಾಜ್ಯ ಸರಕಾರದ ಖಾಯಂ ನರ್ಸಿಗೂ ವೇತನ ಶ್ರೇಣಿ, ರಜೆ, ಬಡತಿಯ ಸಾಲು ಇವೆ.

ಎರಡನೆಯವಳು ಗುತ್ತಿಗೆಯ ನರ್ಸ್. ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ವರ್ಷವರ್ಷಕ್ಕೆ ಕರಾರು ಬರೆದುಕೊಂಡು ದುಡಿಯುವವರು ಇವರು. ಸರಕಾರಿ ದವಾಖಾನೆಯೇ, ಸರಕಾರಿ ರೋಗಿಗಳೇ. ವಾರ್ಡು ಒಂದು, ಪಾಳಿ ಒಂದು, ಪಗಾರ ಮಾತ್ರ ಎರಡು. ಕೊರೊನಾ ಬಂದ 2020ರಲ್ಲಿ ನಮ್ಮ ರಾಜ್ಯದ ಗುತ್ತಿಗೆ ಆರೋಗ್ಯ ಕಾಮಗಾರರು ಮುಷ್ಕರ ಹೂಡಿದರು, 2023ರಲ್ಲಿ ಮತ್ತೆ ಬೆಂಗಳೂರಿನಲ್ಲಿ ಕೂತರು. ಅವರ ಬೇಡಿಕೆ ಏನು? ಇದೇ: ನಮ್ಮನ್ನು ಖಾಯಂ ಮಾಡಿರಿ, ಸಮಾನ ಕೆಲಸಕ್ಕೆ ಸಮಾನ ಪಗಾರ ಕೊಡಿರಿ. ಗಿರಣಿಯ ಬದಲಿ ಕಾಮಗಾರನ ಬೇಡಿಕೆಗೂ ಇದಕ್ಕೂ ಒಂದು ಅಕ್ಷರದ ಭೇದವಿಲ್ಲ.

ಮೂರನೆಯವಳು ಖಾಸಗಿ ದವಾಖಾನೆಯ ನರ್ಸ್. ಇಲ್ಲಿ ಮಾಲಕ ಹೇಳಿದ್ದೇ ಪಗಾರ. ಇದರ ಮೇಲೆ ದಾದಿಯರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 2016ರ ಜನವರಿಯಲ್ಲಿ ಕೋರ್ಟು ಒಂದು ಸಮಿತಿ ಮಾಡಿರೆಂದು ಕೇಂದ್ರ ಸರಕಾರಕ್ಕೆ ಹೇಳಿತು. ಆ ಸಮಿತಿಯ ಶಿಫಾರಸನ್ನು ಪ್ರತಿಯೊಬ್ಬ ತಂದೆಯೂ ತಿಳಿದಿರಬೇಕು. 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ದವಾಖಾನೆಯಲ್ಲಿ ನರ್ಸಿನ ಪಗಾರ ಆ ರಾಜ್ಯದ ಸರಕಾರಿ ನರ್ಸಿನ ಪಗಾರಕ್ಕೆ ಸಮನಿರಬೇಕು. 100ರಿಂದ 200 ಹಾಸಿಗೆಯಿದ್ದರೆ ಅದಕ್ಕಿಂತ ನೂರಕ್ಕೆ 10ರಷ್ಟು ಮಾತ್ರ ಕಡಿಮೆ ಇರಬಹುದು. 50ರಿಂದ 100 ಇದ್ದರೆ ನೂರಕ್ಕೆ 25ರಷ್ಟು ಕಡಿಮೆ. 50ಕ್ಕಿಂತ ಸಣ್ಣ ದವಾಖಾನೆಯಾದರೂ ತಿಂಗಳಿಗೆ 20,000ಕ್ಕಿಂತ ಕಡಿಮೆ ಇರಕೂಡದು.

ಕೇಳಲಿಕ್ಕೆ ಚಂದವಾಗಿದೆ, ಅಲ್ಲವೇ? ಆದರೆ ಶಿಫಾರಸು ಎಂದರೆ ಕಾಯದೆಯಲ್ಲ. ರಾಜ್ಯ ಸರಕಾರ ಅದಕ್ಕೆ ಆಜ್ಞೆಯ ರೂಪ ಕೊಟ್ಟರೆ ಮಾತ್ರ ಅದು ಕೈಗೆ ಬರುವ ರೊಕ್ಕ. ಕೇರಳವನ್ನು ನೋಡಿರಿ. ಅಲ್ಲಿಯ ಖಾಸಗಿ ದವಾಖಾನೆಗಳ ನರ್ಸುಗಳು 2011ರ ಸುಮಾರಿಗೆ ತಮ್ಮದೇ ಸಂಘ ಕಟ್ಟಿಕೊಂಡರು. ಊರೂರಿಗೆ ಮುಷ್ಕರ ನಡೆಸಿದರು. ಕೊನೆಗೆ 2018ರ ಏಪ್ರಿಲ್‌ದಲ್ಲಿ ಕೇರಳ ಸರಕಾರ ಖಾಸಗಿ ನರ್ಸಿಗೆ ಕನಿಷ್ಠ 20,000 ರೂಪಾಯಿ ಎಂದು ಆಜ್ಞೆ ಹೊರಡಿಸಿತು. ಆ ಹುಡುಗಿಯರು ಸಂಘ ಕಟ್ಟದೆ ಇದ್ದಿದ್ದರೆ ಆ ಅಂಕಿ ಸಮಿತಿಯ ವರದಿಯಲ್ಲೇ ಮಲಗಿರುತ್ತಿತ್ತು.

ಈಗ ಒಂದು ಮನೆಯ ಲೆಕ್ಕ ಹಾಕೋಣ. ಹೆಸರು ಬೇಡ, ಅಂಕಿಗಳನ್ನೂ ತಿಳಿಯಲೆಂದು ನಾನೇ ಹಿಡಿದಿದ್ದೇನೆ, ನಿಮ್ಮ ನಿಮ್ಮ ಅಂಕಿಗಳನ್ನು ನೀವು ಹಾಕಿಕೊಳ್ಳಿರಿ. ಮಗಳು ಜಿ.ಎನ್.ಎಂ. ಮುಗಿಸಿ ನೋಂದಣಿ ಮಾಡಿಸಿದ್ದಾಳೆ. ಒಂದು ಖಾಸಗಿ ದವಾಖಾನೆ ತಿಂಗಳಿಗೆ 14,000 ಕೊಡುತ್ತೇನೆಂದಿದೆ. ತಂದೆ ಹೇಳುತ್ತಾನೆ, ಹದಿನಾಲ್ಕು ಸಾವಿರಕ್ಕೆ ರಾತ್ರಿ ಪಾಳಿ ಯಾಕೆ, ಪೋಸ್ಟ್ ಬೇಸಿಕ್ ಮಾಡಲಿ, ಡಿಗ್ರಿಯಾದರೆ ಪಗಾರ ಏರುತ್ತದೆ.

ಎರಡು ವರ್ಷದ ಫೀ, ಹಾಸ್ಟೆಲ್ಲು, ಪುಸ್ತಕ ಎಲ್ಲ ಸೇರಿ 2 ಲಕ್ಷ ಹಿಡಿಯಿರಿ. ಆ ಎರಡು ವರ್ಷದಲ್ಲಿ ಬಿಟ್ಟ ಪಗಾರ ಎಷ್ಟು? ಹದಿನಾಲ್ಕು ಸಾವಿರವನ್ನು ಇಪ್ಪತ್ತನಾಲ್ಕು ತಿಂಗಳಿಗೆ ಗುಣಿಸಿರಿ, 3,36,000. ಎರಡೂ ಕೂಡಿ 5,36,000. ಪದವಿಯಾದ ಮೇಲೆ ಅದೇ ಖಾಸಗಿ ದವಾಖಾನೆ ತಿಂಗಳಿಗೆ 3,000 ಹೆಚ್ಚು ಕೊಟ್ಟಿತೆನ್ನಿ. ವರ್ಷಕ್ಕೆ 36,000. ಹಾಕಿದ ಗಂಟು ತಿರುಗಿ ಬರಲಿಕ್ಕೆ ಸುಮಾರು ಹದಿನೈದು ವರ್ಷ ಬೇಕು. ಪೇಟೆಯಲ್ಲಿ ಯಾವ ವ್ಯಾಪಾರಸ್ಥ ಇಂಥ ಮಾಲಿಗೆ ಬಂಡವಾಳ ಹಾಕುತ್ತಾನೆ? ಆ 2 ಲಕ್ಷವನ್ನು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಸಾಹುಕಾರನಿಂದ ತಂದಿದ್ದರೆ ಬಡ್ಡಿಯೇ ತಿಂಗಳಿಗೆ 6,000. ಏರಿದ ಪಗಾರ ಮೂರು ಸಾವಿರ, ಏರಿದ ಬಡ್ಡಿ ಆರು ಸಾವಿರ. ಇದಕ್ಕೆ ಮೇಲೇರುವದು ಎನ್ನುತ್ತೀರಾ?

ಇನ್ನೊಂದು ಹಾದಿ ನೋಡಿರಿ. ಅದೇ ಮಗಳು ಮೊದಲು ಕೆಲಸಕ್ಕೆ ಸೇರುತ್ತಾಳೆ. ಆದರೆ ಎಲ್ಲಿ ಸೇರುತ್ತಾಳೆ ಎಂಬುದು ಮುಖ್ಯ. ಏಮ್ಸ್ ಸಂಸ್ಥೆಗಳ ನರ್ಸುಗಳ ನೇಮಕಕ್ಕೆ 2020ರಿಂದ ಒಂದೇ ಸಾಮಾನ್ಯ ಪರೀಕ್ಷೆ ನಡೆಯುತ್ತ ಬಂದಿದೆ. ಅದಕ್ಕೆ ಪದವೀಧರರು ನೇರವಾಗಿ ಕೂಡ್ರಬಹುದು. ಜಿ.ಎನ್.ಎಂ. ಆದವರೂ ಕೂಡ್ರಬಹುದು; ಆದರೆ ಕನಿಷ್ಠ 50 ಹಾಸಿಗೆಯ ದವಾಖಾನೆಯಲ್ಲಿ ಎರಡು ವರ್ಷ ಕೆಲಸ ಮಾಡಿದ ಅನುಭವ ಬೇಕು. ಕಿವಿಗೊಟ್ಟು ಕೇಳಿರಿ, ಇದರಲ್ಲಿಯೇ ಗುಟ್ಟಿದೆ. ಪದವಿ ಇರಲಿ, ಡಿಪ್ಲೊಮಾ ಇರಲಿ, ಆಯ್ಕೆಯಾದ ಮೇಲೆ ಇಬ್ಬರ ಮೂಲ ಪಗಾರವೂ ಅದೇ 44,900. ಮನೆಯ ಪಕ್ಕದ ಹತ್ತು ಹಾಸಿಗೆಯ ದವಾಖಾನೆ ಒಂದು ಸಾವಿರ ಹೆಚ್ಚು ಕೊಡುತ್ತದೆಂದು ಅಲ್ಲಿ ಸೇರಿದ ಹುಡುಗಿ ಎರಡು ವರ್ಷವಾದ ಮೇಲೂ ಆ ಪರೀಕ್ಷೆಯ ಅರ್ಜಿ ತುಂಬಲಾರಳು. ಸಾವಿರ ಕಡಿಮೆಯಾದರೂ ದೊಡ್ಡ ದವಾಖಾನೆಯಲ್ಲಿ ಸೇರಿದವಳು ತುಂಬಬಲ್ಲಳು. ಇಂದಿನ ಒಂದು ಸಾವಿರ ನಾಳಿನ ಮೂವತ್ತು ಸಾವಿರವನ್ನು ನುಂಗಬಾರದು.

ಹಾಗೆಂದು ಪರೀಕ್ಷೆ ಬರೆದವರೆಲ್ಲರಿಗೂ ನೋಕರಿ ಸಿಗುತ್ತದೆಂದು ನಾನು ಹೇಳಿದರೆ ಅದು ಮೋಸವಾದೀತು. ಜಾಗ ಕಡಿಮೆ, ಬರೆಯುವವರು ಬಹಳ. ದೇಶದ ಎಲ್ಲ ಮೂಲೆಯ ಮಕ್ಕಳೊಡನೆ ಸ್ಪರ್ಧೆ. ವಯಸ್ಸಿನ ಮಿತಿಯೂ ಇದೆ. ಮೂವತ್ತು ದಾಟಿದ ಮೇಲೆ ಎಚ್ಚರಾದರೆ ಪ್ರಯೋಜನವಿಲ್ಲ. ಆದ್ದರಿಂದ ಕೆಲಸಕ್ಕೆ ಸೇರಿದ ಮೊದಲ ತಿಂಗಳಿನಿಂದಲೇ ದಿನಕ್ಕೆ ಎರಡು ತಾಸು ಓದು ನಡೆಯಬೇಕು. ಏಮ್ಸ್ ಒಂದನ್ನೇ ನಂಬದೆ ರೇಲ್ವೆ, ಇ.ಎಸ್.ಐ., ರಾಜ್ಯದ ಆರೋಗ್ಯ ಇಲಾಖೆ, ವೈದ್ಯಕೀಯ ಶಿಕ್ಷಣ ಸಂಸ್ಥೆಗಳು, ಎಲ್ಲೆಲ್ಲಿ ಅರ್ಜಿ ಕರೆಯುತ್ತಾರೋ ಅಲ್ಲೆಲ್ಲ ಹಾಕಬೇಕು. ಮಗಳು ರಾತ್ರಿ ಪಾಳಿ ಮುಗಿಸಿ ಬಂದಾಗ ಅವಳ ಕೈಗೆ ಕಸಬರಿಗೆ ಕೊಡದೆ ಪುಸ್ತಕ ಹಿಡಿಯಲು ಬಿಡುವದು ಮನೆಯವರ ಕೆಲಸ. ಗಂಡ ರಾತ್ರಿ ಪಾಳಿ ಮಾಡಿ ಬಂದರೆ ಮನೆಯೆಲ್ಲ ಪಿಸುಮಾತು ಆಡುತ್ತದೆ. ಮಗಳೋ ಸೊಸೆಯೋ ಬಂದರೆ ರೊಟ್ಟಿ ಬಡಿಯಲು ಕರೆಯುತ್ತದೆ. ಇದು ನ್ಯಾಯವಲ್ಲ.

ಹಾಗಾದರೆ ಮೇಲಿನ ಕಲಿಕೆಯೇ ಬೇಡವೇ? ಬೇಕು. ಒಬ್ಬ ಮಾಸ್ತರನ ಬಾಯಲ್ಲಿ ಕಲಿಕೆ ಬೇಡವೆಂಬ ಮಾತು ಎಂದೂ ಬರಲಾರದು. ಆದರೆ ಯಾವಾಗ ಬೇಕು, ಯಾತಕ್ಕೆ ಬೇಕು ಎಂದು ಕೇಳಬೇಕು.

ಹನ್ನೆರಡನೆಯ ಇಯತ್ತೆಯಲ್ಲಿ ವಿಜ್ಞಾನ ಓದಿದ ಮಗುವಿಗೆ ಸಿ.ಇ.ಟಿ. ಮೂಲಕ ಸರಕಾರಿ ಫೀಯಲ್ಲಿ ಬಿ.ಎಸ್ಸಿ. ಸಿಗುವ ಹಾಗಿದ್ದರೆ ಕಣ್ಣು ಮುಚ್ಚಿ ಅದನ್ನು ಹಿಡಿಯಿರಿ. ಜಿ.ಎನ್.ಎಂ. ಮೂರು ವರ್ಷ, ಪೋಸ್ಟ್ ಬೇಸಿಕ್ ಎರಡು ವರ್ಷ ಎಂದು ಐದು ವರ್ಷ ಕೊಡುವದಕ್ಕಿಂತ ನಾಲ್ಕು ವರ್ಷದಲ್ಲಿ ಕೆಲಸ ಮುಗಿಯುತ್ತದೆ. ಹೆಣ್ಣುಮಕ್ಕಳಿಗೆ ಸೈನ್ಯದ ನರ್ಸಿಂಗ್ ಸೇವೆಯ ಕಾಲೇಜುಗಳೂ ಇವೆ. ಅಲ್ಲಿ ಕಲಿಕೆ, ಊಟ, ವಸತಿ ಎಲ್ಲವೂ ಸರಕಾರದ್ದು, ಮುಗಿದ ಮೇಲೆ ಸೈನ್ಯದಲ್ಲಿ ಅಧಿಕಾರಿಯಾಗಿ ಸೇವೆ ಮಾಡುವ ಕರಾರು ಇರುತ್ತದೆ. ಗಿರಣಿಯವರಿಗೆ ಇನ್ನೊಂದು ಬಾಗಿಲು ಇದೆ. ಬೆಂಗಳೂರು ಮತ್ತು ಕಲಬುರಗಿಯಲ್ಲಿ ಇ.ಎಸ್.ಐ. ನಿಗಮದ ನರ್ಸಿಂಗ್ ಕಾಲೇಜುಗಳಿವೆ. ನಿಗಮದ ಕಾಲೇಜುಗಳಲ್ಲಿ ವಿಮೆಗೊಳಗಾದ ಕಾಮಗಾರರ ಮಕ್ಕಳಿಗೆಂದು ಜಾಗ ಕಾದಿಡುವ ಪದ್ಧತಿ ಉಂಟು. ತಿಂಗಳು ತಿಂಗಳು ನಿಮ್ಮ ಪಗಾರದಿಂದ ಕಡಿಯುವ ರೊಕ್ಕ ಬರೇ ಗುಳಿಗೆಗೆ ಎಂದು ತಿಳಿಯಬೇಡಿರಿ. ಶಾಖಾ ಕಚೇರಿಗೆ ಹೋಗಿ ಈ ವರ್ಷದ ನಿಯಮವೇನೆಂದು ಬರಹದಲ್ಲಿ ಕೇಳಿರಿ.

ಡಿಪ್ಲೊಮಾ ಮಾಡಿ ಕೆಲಸದಲ್ಲಿದ್ದವರಿಗೆ ಪೋಸ್ಟ್ ಬೇಸಿಕ್ ಯಾವಾಗ ಬೇಕು? ಖಾಯಂ ನೋಕರಿ ಸಿಕ್ಕ ಮೇಲೆ, ಬಡತಿಯ ಸಾಲಿನಲ್ಲಿ ಅದು ಎಣಿಕೆಗೆ ಬರುವಾಗ. ಸರಕಾರಿ ಸೇವೆಯಲ್ಲಿದ್ದವರನ್ನು ಕಲಿಕೆಗೆ ನಿಯೋಜಿಸಿ ಕಳಿಸುವ ಪದ್ಧತಿಯೂ ಇದೆ. ಎಂ.ಎಸ್ಸಿ. ಯಾರಿಗೆ ಬೇಕು? ಕಲಿಸುವ ಕೆಲಸಕ್ಕೆ ಹೋಗುವವರಿಗೆ. ನರ್ಸಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಲಿಕ್ಕೆ ಅದು ಬೇಕೇ ಬೇಕು. ವಾರ್ಡಿನಲ್ಲಿಯೇ ಇರುವ ಮನಸ್ಸುಳ್ಳವರಿಗೆ 2017ರಿಂದ ತೀವ್ರ ನಿಗಾ ಘಟಕದ ನರ್ಸ್ ಪ್ರಾಕ್ಟೀಶನರ್ ಎಂಬ ಎರಡು ವರ್ಷದ ಸ್ನಾತಕೋತ್ತರ ಶಿಕ್ಷಣವೂ ಬಂದಿದೆ. ಹೀಗೆ ಮೇಲಿನ ಪ್ರತಿಯೊಂದು ಮೆಟ್ಟಿಲಿಗೂ ಒಂದು ಕೋಣೆ ಇದೆ. ಆ ಕೋಣೆಯೊಳಗೆ ಹೋಗುವ ವಿಚಾರವಿಲ್ಲದೆ ಬರೇ ಮೆಟ್ಟಿಲು ಹತ್ತಿದರೆ ಕಾಲು ನೋವು, ಅಷ್ಟೇ.

ಸಾಲ ಬೇಕೇ ಬೇಕಾದರೆ ಸಾಹುಕಾರನ ಬಾಗಿಲಿಗೆ ಮೊದಲು ಹೋಗಬೇಡಿರಿ. ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಹೊಲಮನೆ ಒತ್ತೆ ಇಡುವ ಕಾರಣವಿಲ್ಲ. ಕಾಲೇಜು ಮಾತ್ರ ಮಾನ್ಯತೆಯುಳ್ಳದ್ದು ಆಗಿರಬೇಕು. ಡಿಪ್ಲೊಮಾ ಶಾಲೆಯಾದರೆ ರಾಜ್ಯದ ಪರೀಕ್ಷಾ ಮಂಡಳಿಯ ಪಟ್ಟಿಯಲ್ಲಿ, ಪದವಿ ಕಾಲೇಜಾದರೆ ರಾಜೀವ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಂಥ ವಿದ್ಯಾಪೀಠದ ಪಟ್ಟಿಯಲ್ಲಿ ಆ ವರ್ಷದ ಹೆಸರಿದೆಯೋ ಎಂದು ನೋಡಿರಿ. ಕಾಲೇಜಿಗೆ ಸ್ವಂತ ದವಾಖಾನೆ ಇದೆಯೋ, ಇದ್ದರೆ ಹಾಸಿಗೆಗಳಲ್ಲಿ ರೋಗಿಗಳಿದ್ದಾರೋ ಎಂದು ಒಂದು ದಿನ ಕಣ್ಣಾರೆ ನೋಡಿ ಬನ್ನಿರಿ. ರೋಗಿಯಿಲ್ಲದ ದವಾಖಾನೆಯಲ್ಲಿ ಕಲಿತ ನರ್ಸ್, ನೀರಿಗಿಳಿಯದೆ ಈಜು ಕಲಿತವನ ಹಾಗೆ.

ಇನ್ನು ಪರದೇಶದ ಮಾತು. ಪರದೇಶಕ್ಕೆ ಹೋಗುವದು ತಪ್ಪೆಂದು ನಾನು ಹೇಳುವದಿಲ್ಲ. ಕೇರಳದ ಎಷ್ಟೋ ಮನೆಗಳು ನರ್ಸುಗಳು ಕಳಿಸಿದ ರೊಕ್ಕದಿಂದಲೇ ಎದ್ದು ನಿಂತಿವೆ. ಆದರೆ ಹಿಂದೆ ಮುಂಬಯಿಯ ಗಿರಣಿಗಳಲ್ಲಿ ಜಾಬರನ ಕೈ ಬಿಸಿ ಮಾಡದೆ ಕೆಲಸ ಸಿಗುತ್ತಿರಲಿಲ್ಲವೆಂದು ನೀವು ಹಿರಿಯರಿಂದ ಕೇಳಿದ್ದೀರಿ. ಇಂದಿನ ಕೆಲವು ಏಜೆಂಟರು ಆ ಜಾಬರನ ಮೊಮ್ಮಕ್ಕಳು. ವಲಸೆ ನಿಯಮದ ಪ್ರಕಾರ ಏಜೆಂಟ ಒಬ್ಬರಿಂದ ತೆಗೆದುಕೊಳ್ಳಬಹುದಾದ ಫೀಗೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಎಂದು ಮಿತಿ ಹಾಕಲಾಗಿದೆ. ಮೂರು ಲಕ್ಷ ಕೇಳುವವನು ಯಾವ ಕಾಯದೆಯ ಮೇಲೆ ಕೇಳುತ್ತಾನೆ? 2015ರಲ್ಲಿ ಕೊಚ್ಚಿಯ ಒಂದು ಏಜೆನ್ಸಿ ಕುವೈತಿಗೆ ಹೋಗುವ ನರ್ಸುಗಳಿಂದ ಸುಮಾರು 19,500 ರೂಪಾಯಿಯ ಜಾಗದಲ್ಲಿ ತಲಾ 19.5 ಲಕ್ಷ ವಸೂಲು ಮಾಡಿತೆಂಬ ಆರೋಪದ ಮೇಲೆ ಸಿ.ಬಿ.ಐ. ಕೇಸು ಹಾಕಿತು. ಅದೇ ವರ್ಷ ಕುವೈತ್, ಸೌದಿಯಂಥ ದೇಶಗಳಿಗೆ ನರ್ಸುಗಳನ್ನು ಕಳಿಸುವ ಕೆಲಸವನ್ನು ಕೇಂದ್ರ ಸರಕಾರ ಸರಕಾರಿ ಸಂಸ್ಥೆಗಳ ಕೈಗೆ ತಂದಿತು.

ಹಾದಿ ಸರಿಯಿದ್ದಲ್ಲಿ ಹೇಗಿರುತ್ತದೆಂಬುದನ್ನೂ ನೋಡಿರಿ. ಜರ್ಮನಿಯ ಸರಕಾರಿ ಉದ್ಯೋಗ ಸಂಸ್ಥೆ 2021ರಲ್ಲಿ ಕೇರಳ ಸರಕಾರದ ನೋರ್ಕಾ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡಿತು. ಆ ಯೋಜನೆಯಲ್ಲಿ ಹೋಗುವ ನರ್ಸು ಜರ್ಮನ್ ಭಾಷೆ ಕಲಿಯಬೇಕು. ನೇಮಕಕ್ಕೆ ಅವಳಿಂದ ಫೀ ಇಲ್ಲ. ಇಂಗ್ಲೆಂಡಿಗೆ ಹೋಗುವವರು ಇಂಗ್ಲಿಷಿನ ಪರೀಕ್ಷೆ, ಕಂಪ್ಯೂಟರ್ ಮೇಲಿನ ಪರೀಕ್ಷೆ, ಅಲ್ಲಿಗೆ ಹೋದ ಮೇಲೆ ಕೈಕೆಲಸದ ಪರೀಕ್ಷೆ ಇವುಗಳಲ್ಲಿ ಪಾಸಾಗಬೇಕು. ಅಂದರೆ ಪರದೇಶದ ನಿಜವಾದ ಬೆಲೆ ಭಾಷೆ ಮತ್ತು ಅನುಭವ, ಏಜೆಂಟನ ಚೀಲವಲ್ಲ. “ಪರೀಕ್ಷೆ ಇಲ್ಲದೆ ಕಳಸ್ತೀನಿ” ಎಂದು ಹೇಳುವವನಿಗೆ ಒಂದು ಲೋಟ ಚಹ ಕೊಟ್ಟು ಹೊರಗೆ ಕಳಿಸಿರಿ. ನಮ್ಮ ರಾಜ್ಯ ಸರಕಾರದ ಕೌಶಲ್ಯ ನಿಗಮದಲ್ಲಿ ವಲಸೆ ಹೋಗುವವರಿಗೆಂದೇ ಕೇಂದ್ರವಿದೆ, ಅಲ್ಲಿ ವಿಚಾರಿಸಿರಿ. ಏಜೆಂಟನ ಲೈಸೆನ್ಸ್ ನಂಬರನ್ನು ಕೇಂದ್ರ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಿರಿ.

ಇನ್ನೊಂದು ಬಲೆ ನಮ್ಮಲ್ಲಿಯೇ ಇದೆ. ಕೆಲಸಕ್ಕೆ ಸೇರುವಾಗ ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಂಡು, ಎರಡು ವರ್ಷ ಬಿಡುವದಿಲ್ಲವೆಂದು ಬಾಂಡ್ ಬರೆಯಿಸಿಕೊಳ್ಳುವ ದವಾಖಾನೆಗಳಿವೆ. ನರ್ಸುಗಳ ಚಳವಳಿ ಎದ್ದಾಗ ನರ್ಸಿಂಗ್ ಪರಿಷತ್ತೇ ಈ ಪದ್ಧತಿ ನಿಲ್ಲಬೇಕೆಂದು ಹೇಳಿತು. ಮೂಲ ಕಾಗದ ನರ್ಸಿನ ಕೈಕಾಲು ಇದ್ದ ಹಾಗೆ. ಅದನ್ನು ತೋರಿಸಿರಿ, ನಕಲು ಕೊಡಿರಿ, ಮೂಲವನ್ನು ಮನೆಗೆ ತನ್ನಿರಿ. ನೇಮಕದ ಆಜ್ಞೆ ಬರಹದಲ್ಲಿ ಇರಬೇಕು. ಪಗಾರ ಬ್ಯಾಂಕಿನ ಖಾತೆಗೆ ಬರಬೇಕು, ಪಗಾರ ಚೀಟಿ ಪ್ರತಿ ತಿಂಗಳೂ ಸಿಗಬೇಕು. ಭವಿಷ್ಯನಿಧಿ ಕಡಿಯುತ್ತಾರೋ ಎಂದು ಕೇಳಬೇಕು. ಬಿಡುವಾಗ ಅನುಭವ ಪತ್ರದಲ್ಲಿ ದವಾಖಾನೆಯ ಹಾಸಿಗೆಗಳ ಸಂಖ್ಯೆ, ಕೆಲಸ ಮಾಡಿದ ತಾರೀಖುಗಳು ಬರೆದಿರಬೇಕು. ರೊಕ್ಕವನ್ನು ಕೈಯಲ್ಲಿ ಕೊಟ್ಟು ಹಾಜರಿ ಪುಸ್ತಕವಿಲ್ಲದೆ ದುಡಿಸಿಕೊಂಡ ಎರಡು ವರ್ಷ ಮುಂದೆ ಯಾವ ಅರ್ಜಿಯಲ್ಲೂ ಎರಡು ವರ್ಷ ಎನಿಸುವದಿಲ್ಲ.

ಕೆಲವರು ಕೇಳುತ್ತಾರೆ, ಇದು ಹೆಣ್ಣುಮಕ್ಕಳ ಕೆಲಸವಲ್ಲವೇ ಎಂದು. ಜಿ.ಎನ್.ಎಂ., ಬಿ.ಎಸ್ಸಿ. ಎರಡಕ್ಕೂ ಗಂಡುಮಕ್ಕಳು ಸೇರಬಹುದು, ಸೇರುತ್ತಿದ್ದಾರೆ. ರೋಗಿಯ ಮೈ ಒರೆಸುವದು ಕೀಳೆಂದು ತಿಳಿಯುವವನು ತಾನು ಒಮ್ಮೆ ಹಾಸಿಗೆ ಹಿಡಿದು ನೋಡಬೇಕು. ಇನ್ನು ಕೆಲವರು ಮಗಳ ಪಗಾರಕ್ಕಿಂತ ಮೊದಲು ಮದುವೆಯ ಲೆಕ್ಕ ಹಾಕುತ್ತಾರೆ. ನೋಂದಣಿಯುಳ್ಳ ಮಗಳು ಯಾವ ಊರಿಗೆ ಕೊಟ್ಟರೂ ತನ್ನ ಅನ್ನವನ್ನು ತಾನು ದುಡಿಯಬಲ್ಲಳು. ವರದಕ್ಷಿಣೆಗೆಂದು ಕೂಡಿಟ್ಟ ರೊಕ್ಕ ಒಮ್ಮೆ ಹೋದರೆ ಹೋಯಿತು. ನೋಂದಣಿಯ ನಂಬರನ್ನು ಅವಳಿಂದ ಯಾವ ಅತ್ತೆಯೂ ಕಸಿದುಕೊಳ್ಳಲಾರಳು.

ಇದರಲ್ಲಿ ನಮಗೇನು ಎಂದು ಪೇಟೆಯ ಮಿತ್ರರು ಕೇಳಬಹುದು. ಉದ್ರಿ ಪುಸ್ತಕ ತೆರೆದು ನೋಡಿರಿ. ತಿಂಗಳ ಮೊದಲ ತಾರೀಖಿಗೆ ಖಾಯಂ ಪಗಾರ ಬರುವ ಮನೆಯ ಬಾಕಿ ತೀರುತ್ತದೆ. ಬಡ್ಡಿಗೆ ದುಡಿಯುವ ಮನೆಯ ಬಾಕಿ ಬೆಳೆಯುತ್ತದೆ. ಕಾಮಗಾರನ ಮಗಳ ಪಗಾರ ಏರಿದರೆ ಅದು ಸಾಬೂನು, ಬಟ್ಟೆ, ಬೆಲ್ಲವಾಗಿ ನಿಮ್ಮ ಅಂಗಡಿಗೇ ಬರುತ್ತದೆ.

ಕೊನೆಗೆ ಒಂದು ಮಾತು. ಒಬ್ಬ ನರ್ಸು ಎಷ್ಟು ರೋಗಿಗಳನ್ನು ನೋಡಬೇಕು? ಕಲಿಸುವ ದವಾಖಾನೆಯಲ್ಲಿ ಮೂವರಿಗೆ ಒಬ್ಬಳು, ಸಾಮಾನ್ಯ ದವಾಖಾನೆಯಲ್ಲಿ ಐವರಿಗೆ ಒಬ್ಬಳು ಎಂಬುದು ನರ್ಸಿಂಗ್ ಪರಿಷತ್ತಿನ ಪ್ರಮಾಣ. ರಾತ್ರಿ ಪಾಳಿಯ ವಾರ್ಡಿಗೆ ಹೋಗಿ ನೀವೇ ಎಣಿಸಿ ಬನ್ನಿರಿ. ಒಬ್ಬಳ ತಲೆಗೆ ಇಪ್ಪತ್ತು, ಮೂವತ್ತು ಹಾಸಿಗೆ ಕಟ್ಟಿದಾಗ ಅವಳ ಮೈ ಸವೆಯುತ್ತದೆ, ಜೊತೆಗೆ ಹಾಸಿಗೆಯ ಮೇಲೆ ಮಲಗಿದ ನಿಮ್ಮ ತಾಯಿಯ ಸಲೈನ್ ಬಾಟಲಿಯೂ ಖಾಲಿಯಾಗಿ ನಿಲ್ಲುತ್ತದೆ. ಒಬ್ಬನಿಗೆ ನಾಲ್ಕು ಸಾಂಚೆ ಕೊಟ್ಟಾಗ ಎಳೆ ಕಡಿಯುವದನ್ನು ನೀವು ಕಂಡಿದ್ದೀರಿ. ಇಲ್ಲಿ ಕಡಿಯುವದು ಮನುಷ್ಯನ ಉಸಿರು. ಆದ್ದರಿಂದ ಹೆಚ್ಚು ನರ್ಸುಗಳು ಬೇಕು, ಖಾಯಂ ನರ್ಸುಗಳು ಬೇಕು ಎಂಬ ಬೇಡಿಕೆ ಅವರೊಬ್ಬರದೇ ಅಲ್ಲ, ರೋಗಿಯಾಗುವ ನಮ್ಮೆಲ್ಲರದು.

ನೀವು ಸಂಘ ಕಟ್ಟಿದವರು. ನಿಮ್ಮ ಹೆಣ್ಣುಮಕ್ಕಳಿಗೂ ಸಂಘ ಕಲಿಸಿರಿ. ದವಾಖಾನೆಯಲ್ಲಿ ಒಬ್ಬಳೇ ನಿಂತು ಪಗಾರ ಕೇಳಿದವಳಿಗೆ ನಾಳೆಯಿಂದ ಬರಬೇಡ ಎನ್ನುತ್ತಾರೆ; ನೂರು ಜನ ಕೂಡಿ ಕೇಳಿದರೆ ಕುರ್ಚಿ ಹಾಕಿ ಕೂಡ್ರಿಸುತ್ತಾರೆ. ಭಾರತದ ದಾದಿಯರ ಸಂಘ ಹುಟ್ಟಿದ್ದು 1908ರಲ್ಲಿ. ಅಂದರೆ ಈ ಬುದ್ಧಿ ಅವರಿಗೆ ಹೊಸದಲ್ಲ. ನಮ್ಮ ಬೆಂಬಲ ಮಾತ್ರ ಹೊಸದಾಗಬೇಕು.

ಯಾರ ಮನೆಯಲ್ಲಿ ನರ್ಸಿಂಗ್ ಕಲಿಯುವ, ಕಲಿತ ಮಕ್ಕಳಿದ್ದಾರೋ ಅವರು ಬರುವ ರವಿವಾರ ಕಾಗದಗಳನ್ನು ತನ್ನಿರಿ. ನೋಂದಣಿ, ಅನುಭವ ಪತ್ರ, ಏಜೆಂಟನ ಕಾಗದ, ಬಾಂಡ್, ಏನಿದ್ದರೂ ತನ್ನಿರಿ. ಎಲ್ಲರೂ ಕೂತು ಓದೋಣ, ಲೆಕ್ಕ ಹಾಕೋಣ. ಓದುವ ಮೊದಲು ಯಾರೂ ಸಹಿ ಮಾಡಬೇಡಿರಿ, ಯಾರ ಕೈಗೂ ರೊಕ್ಕ ಕೊಡಬೇಡಿರಿ.